ಅಕ್ಷರದ ಅವ್ವ ಸಾವಿತ್ರಿಬಾಯಿ ಫುಲೆ

 

ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ನೀವೆಲ್ಲ ಕಿತ್ತೂರು ರಾಣಿ ಚೆನ್ನಮ್ಮನ ಬಗ್ಗೆ ಓದಿದ್ದೀರಿ. ಓದಿದ ಮೇಲೆ ನಮ್ಮ ತರಗತಿಯ ಹುಡುಗರು, ಚೆನ್ನಮ್ಮ ಗಂಡಸಿನ ಹಾಗೆ ಯುದ್ಧ ಮಾಡಿದಳು ಅಂತ ಹೊಗಳಿದರು. ಆಗ ನನಗೆ ಒಂದು ವಿಚಾರ ಬಂತು. ಹೆಣ್ಣುಮಗಳು ಧೈರ್ಯ ತೋರಿಸಿದರೆ ಗಂಡಸಿನ ಹಾಗೆ ಅಂತಾರೆ. ಹುಡುಗ ಅತ್ತರೆ ಹೆಣ್ಣಿನ ಹಾಗೆ ಅಳಬ್ಯಾಡ ಅಂತಾರೆ. ಧೈರ್ಯ ಗಂಡಸರಿಗೆ, ಅಳು ಹೆಂಗಸರಿಗೆ ಅಂತ ಪಾಲು ಮಾಡಿಕೊಟ್ಟವರು ಯಾರು? ಅದಕ್ಕೇ ಈ ಸಲ ನಾನು ಕತ್ತಿ ಹಿಡಿಯದ, ಕುದುರೆ ಹತ್ತದ ಒಬ್ಬ ಧೈರ್ಯವಂತ ತಾಯಿಯ ಜೀವನ ಚರಿತ್ರೆ ಬರೆದಿದ್ದೇನೆ.

ಸಾವಿತ್ರಿಬಾಯಿಯವರು 1831ನೇ ಇಸವಿ ಜನವರಿ 3ರಂದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ನಾಯಗಾಂವ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಖಂಡೋಜಿ ನೇವಸೆ, ತಾಯಿ ಲಕ್ಷ್ಮೀಬಾಯಿ. ಆಗ ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವ ಪದ್ಧತಿಯೇ ಇರಲಿಲ್ಲ. 1840ರಲ್ಲಿ, 9ನೇ ವಯಸ್ಸಿಗೆ ಅವರ ಮದುವೆಯಾಯಿತು. ಗಂಡ ಜ್ಯೋತಿರಾವ್ ಫುಲೆ. ಅವರಿಗೆ ಆಗ 13 ವರ್ಷ, ಅಂದರೆ ಈಗ ನನಗೆ ಎಷ್ಟೋ ಅಷ್ಟು. ಈಗ ಅಂಥ ಮದುವೆ ಮಾಡಿದರೆ ಅಪರಾಧ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು ಅಂತ ಕಾಯ್ದೆ ಇದೆ.

ಗಂಡನ ಮನೆಗೆ ಬಂದಾಗ ಸಾವಿತ್ರಿಬಾಯಿಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ. ಜ್ಯೋತಿರಾವ್ ಅವರು ಶಾಲೆಗೆ ಹೋಗಿ ಕಲಿತದ್ದನ್ನು ಮನೆಗೆ ಬಂದು ಹೆಂಡತಿಗೆ ಕಲಿಸಿದರು. ಈಗ ಇದು ಸಣ್ಣ ಸಂಗತಿ ಅನಿಸಬಹುದು. ಆದರೆ ಆ ಕಾಲದಲ್ಲಿ ಓದಿದ ಹೆಂಗಸಿನ ಗಂಡ ಬೇಗ ಸಾಯುತ್ತಾನೆ ಅಂತ ಜನ ನಂಬಿದ್ದರು. ಆದ್ದರಿಂದ ಹೆಂಗಸರೇ ಪುಸ್ತಕ ಮುಟ್ಟಲು ಹೆದರುತ್ತಿದ್ದರು. ಹೆದರಿಕೆಯನ್ನು ಅಷ್ಟು ಒಳಗೆ ಇಟ್ಟುಬಿಟ್ಟರೆ ಬಾಗಿಲಿಗೆ ಬೀಗ ಹಾಕುವ ಕೆಲಸವೇ ಇಲ್ಲ.

ಹೆಂಡತಿಗೆ ಪಾಠ ಹೇಳುವ ಗಂಡನನ್ನೂ ಜನ ಬಿಡಲಿಲ್ಲ. ಗಂಡಸಾದವನು ಹೆಂಡತಿಯನ್ನು ಹದ್ದುಬಸ್ತಿನಲ್ಲಿ ಇಡಬೇಕು ಅಂತ ಆಗಿನ ಸಮಾಜದ ಲೆಕ್ಕ. ಇದು ನನಗೆ ಸ್ವಲ್ಪ ಗೊತ್ತಾಗುತ್ತದೆ. ನಮ್ಮ ಅಕ್ಕ ಬೆಳಿಗ್ಗೆ ಬೇಗ ಹೈಸ್ಕೂಲಿಗೆ ಹೋಗುತ್ತಾಳೆ, ಅವ್ವ ಕೂಲಿಗೆ ಹೋಗುತ್ತಾಳೆ. ಹಾಗಾಗಿ ಬೋರಿಂಗಿನಿಂದ ನೀರು ತರುವುದು ನನ್ನ ಕೆಲಸ. ನಾನು ಕೊಡ ಹೊತ್ತು ಬರುವಾಗ ಕಟ್ಟೆ ಮೇಲೆ ಕೂತವರು, ಏನಪಾ ಸೀರೆ ಉಡೋದೊಂದು ಬಾಕಿ ಅಂತ ನಗುತ್ತಾರೆ. ಆದರೆ ಆ ನೀರನ್ನು ಅವರೂ ಕುಡಿಯುತ್ತಾರೆ. ಕೊಡಕ್ಕೆ ಹೆಣ್ಣು ಗಂಡು ಗೊತ್ತಿಲ್ಲ, ಹೊತ್ತವರ ಸೊಂಟ ನೋಯುತ್ತದೆ ಅಷ್ಟೆ.

ಸಾವಿತ್ರಿಬಾಯಿಯವರು ಮುಂದೆ ಶಿಕ್ಷಕಿಯ ತರಬೇತಿಯನ್ನೂ ಪಡೆದರು. 1848ರಲ್ಲಿ ಗಂಡ ಹೆಂಡತಿ ಸೇರಿ ಪುಣೆಯಲ್ಲಿ ಭಿಡೆ ಎಂಬವರ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಸಾವಿತ್ರಿಬಾಯಿಗೆ ಆಗ 17 ವರ್ಷ. ಈಗಿನ ಲೆಕ್ಕದಲ್ಲಿ ಪಿಯುಸಿ ಓದುವ ಹುಡುಗಿ ಅವರು. ಆ ವಯಸ್ಸಿಗೆ ಶಾಲೆಯ ಶಿಕ್ಷಕಿಯಾದರು.

ಶಾಲೆಗೆ ನಡೆದು ಹೋಗುವಾಗ ದಾರಿಯಲ್ಲಿ ಜನ ಬೈಯುತ್ತಿದ್ದರು. ಕೆಸರು, ಸೆಗಣಿ, ಕಲ್ಲು ಎಸೆಯುತ್ತಿದ್ದರು. ಅವರು ಏನು ಮಾಡಿದರು ಗೊತ್ತೇ? ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು. ಶಾಲೆಗೆ ಹೋಗಿ ಹೊಲಸಾದ ಸೀರೆ ಬದಲಿಸಿ ಪಾಠ ಮಾಡುತ್ತಿದ್ದರು. ಬರುವಾಗ ಮತ್ತೆ ಆ ಹೊಲಸು ಸೀರೆಯನ್ನೇ ಉಟ್ಟು ಮನೆಗೆ ಬರುತ್ತಿದ್ದರು. ಹೀಗೆ ಒಂದು ದಿನವಲ್ಲ, ಎಷ್ಟೋ ದಿನ. ಒಂದು ದಿನ ಕತ್ತಿ ಹಿಡಿಯುವುದು ಕಷ್ಟವೋ, ದಿನಾ ಸೆಗಣಿ ತಡೆದುಕೊಂಡು ಶಾಲೆಗೆ ಹೋಗುವುದು ಕಷ್ಟವೋ ನೀವೇ ಹೇಳಿ.

ಜನ ಜ್ಯೋತಿರಾವ್ ಅವರ ತಂದೆ ಗೋವಿಂದರಾವ್ ಅವರನ್ನೂ ಹೆದರಿಸಿದರು. ಶಾಲೆ ಬಿಡಬೇಕು, ಇಲ್ಲವೇ ಮನೆ ಬಿಡಬೇಕು ಅಂತ ತಂದೆ ಹೇಳಿದರು. 1849ರಲ್ಲಿ ಇಬ್ಬರೂ ಮನೆ ಬಿಟ್ಟರು. ಆಗ ಆಶ್ರಯ ಕೊಟ್ಟವರು ಉಸ್ಮಾನ್ ಶೇಖ್ ಎಂಬ ಗೆಳೆಯರು. ಅವರ ಮನೆಯ ಫಾತಿಮಾ ಶೇಖ್ ಅವರೂ ಸಾವಿತ್ರಿಬಾಯಿ ಜೊತೆ ಮಕ್ಕಳಿಗೆ ಪಾಠ ಹೇಳಿದರು. 1851ರ ಹೊತ್ತಿಗೆ ಪುಣೆಯಲ್ಲಿ ಫುಲೆಯವರ ಹೆಣ್ಣುಮಕ್ಕಳ ಶಾಲೆಗಳು 3 ಆದವು. ಅಸ್ಪೃಶ್ಯರೆಂದು ದೂರ ಇಟ್ಟ ಜನರ ಮಕ್ಕಳಿಗೂ ಶಾಲೆ ತೆರೆದರು. 1854ರಲ್ಲಿ ಸಾವಿತ್ರಿಬಾಯಿಯವರ ಕವಿತೆಗಳ ಪುಸ್ತಕ ಕಾವ್ಯಫುಲೆ ಪ್ರಕಟವಾಯಿತು. ಒಂದು ಅಕ್ಷರವೂ ಬಾರದೆ ಬಂದ ಸೊಸೆ ಕವಯಿತ್ರಿಯೂ ಆದರು.

ಆ ಕಾಲದಲ್ಲಿ ಚಿಕ್ಕ ಹುಡುಗಿಯರನ್ನು ಮುದುಕರಿಗೆ ಕೊಟ್ಟು ಮದುವೆ ಮಾಡುತ್ತಿದ್ದರು. ಗಂಡ ಸತ್ತರೆ ಮೇಲ್ಜಾತಿಯ ಹುಡುಗಿಯ ತಲೆ ಬೋಳಿಸುತ್ತಿದ್ದರು, ಮತ್ತೆ ಮದುವೆ ಇಲ್ಲ. ಆದರೆ ಹೆಂಡತಿ ಸತ್ತ ಗಂಡಸು ಇನ್ನೊಂದು ಮದುವೆ ಆಗಬಹುದಿತ್ತು. ಸಾವು ಒಂದೇ, ಕಾನೂನು ಎರಡು! ಅಂಥ ವಿಧವೆಯರು ಬಸಿರಾದರೆ ಮಾನಕ್ಕೆ ಹೆದರಿ ಜೀವ ಕಳೆದುಕೊಳ್ಳುತ್ತಿದ್ದರು, ಇಲ್ಲವೇ ಹುಟ್ಟಿದ ಮಗುವನ್ನು ಕೊಲ್ಲುತ್ತಿದ್ದರು. ತಪ್ಪು ಮಾಡಿದ ಗಂಡಸಿಗೆ ಯಾರೂ ಏನೂ ಕೇಳುತ್ತಿರಲಿಲ್ಲ. 1863ರಲ್ಲಿ ಫುಲೆ ದಂಪತಿಗಳು ಅಂಥ ತಾಯಂದಿರಿಗಾಗಿ ತಮ್ಮ ಮನೆಯಲ್ಲೇ ಜಾಗ ಮಾಡಿದರು. ಅಲ್ಲಿ ಗುಟ್ಟಾಗಿ ಹೆರಿಗೆ ಮಾಡಿಸಿ ತಾಯಿ ಮಗು ಇಬ್ಬರನ್ನೂ ಉಳಿಸುತ್ತಿದ್ದರು. ಹಾಗೆ ಬಂದ ಒಬ್ಬ ವಿಧವೆಯ ಮಗನನ್ನು 1874ರಲ್ಲಿ ದತ್ತು ತೆಗೆದುಕೊಂಡು ಯಶವಂತ ಅಂತ ಹೆಸರಿಟ್ಟರು. ಅವನೇ ಮುಂದೆ ಡಾಕ್ಟರ್ ಆದ.

1890ರ ನವೆಂಬರ್ 28ರಂದು ಜ್ಯೋತಿರಾವ್ ತೀರಿಕೊಂಡರು. ನಮ್ಮ ಕಡೆ ಹೇಗೋ ಹಾಗೇ ಅಲ್ಲಿಯೂ ಬೆಂಕಿಯ ಗಡಿಗೆ ಹಿಡಿದು ಹೆಣದ ಮುಂದೆ ನಡೆಯುವವನು ಗಂಡಸೇ ಆಗಬೇಕು. ಯಶವಂತ ದತ್ತು ಮಗ ಅಂತ ಬಂಧುಗಳು ತಕರಾರು ತೆಗೆದರು. ಆಗ ಸಾವಿತ್ರಿಬಾಯಿ ತಾವೇ ಗಡಿಗೆ ಹಿಡಿದು ಮುಂದೆ ನಡೆದು ಚಿತೆಗೆ ಬೆಂಕಿ ಇಟ್ಟರು. ಮಗ ಇಲ್ಲದಿದ್ದರೆ ಮುಕ್ತಿ ಇಲ್ಲ, ಕೊಳ್ಳಿ ಇಡೋಕಾದರೂ ಒಂದು ಗಂಡು ಬೇಕು ಅಂತ ನಮ್ಮೂರಲ್ಲಿ ಈಗಲೂ ಹಿರಿಯರು ಹೇಳುತ್ತಾರೆ. ಅವರು 1890ರಲ್ಲೇ ಅದಕ್ಕೆ ಉತ್ತರ ಕೊಟ್ಟಿದ್ದಾರೆ.

1897ರಲ್ಲಿ ಪುಣೆಗೆ ಪ್ಲೇಗ್ ರೋಗ ಬಂತು. ಜನ ಮನೆ ಬಿಟ್ಟು ಓಡಿದರು. ಡಾಕ್ಟರ್ ಯಶವಂತ ಊರ ಹೊರಗೆ ರೋಗಿಗಳಿಗೆ ಚಿಕಿತ್ಸೆ ಶುರು ಮಾಡಿದರು. ಸಾವಿತ್ರಿಬಾಯಿಗೆ ಆಗ 66 ವರ್ಷ. ಮುಂಢ್ವಾ ಎಂಬಲ್ಲಿ ಒಬ್ಬ ಹುಡುಗನಿಗೆ ಪ್ಲೇಗ್ ಬಂದಿದೆ ಅಂತ ತಿಳಿದು, ಅವನನ್ನು ತಮ್ಮ ಬೆನ್ನ ಮೇಲೆ ಹೊತ್ತು ತಂದರು. ಆ ರೋಗ ಅವರಿಗೂ ತಗುಲಿತು. 1897ರ ಮಾರ್ಚ್ 10ರಂದು ಅವರು ತೀರಿಕೊಂಡರು.

1998ರಲ್ಲಿ ಭಾರತ ಸರ್ಕಾರ ಅವರ ಚಿತ್ರದ ಅಂಚೆ ಚೀಟಿ ತಂದಿತು. 2014ರಲ್ಲಿ ಪುಣೆ ವಿಶ್ವವಿದ್ಯಾಲಯಕ್ಕೆ ಅವರ ಹೆಸರು ಇಟ್ಟರು. ಸೆಗಣಿ ಎಸೆದ ಊರಿನಲ್ಲೇ ಈಗ ದೊಡ್ಡ ವಿದ್ಯಾಮಂದಿರ ಅವರ ಹೆಸರಲ್ಲಿದೆ.

ಗೆಳೆಯರೇ, ನಮ್ಮ ಶಾಲೆ 7ನೇ ತರಗತಿಗೆ ಮುಗಿಯುತ್ತದೆ. ಹೈಸ್ಕೂಲು ಇರುವುದು ಪಕ್ಕದ ಊರಿನಲ್ಲಿ. ಹೋದ ವರ್ಷ ಪಾಸಾದ ಹುಡುಗರೆಲ್ಲ 8ನೇ ತರಗತಿಗೆ ಸೇರಿದರು. ಹುಡುಗಿಯರಲ್ಲಿ ಇಬ್ಬರು ಮನೆಯಲ್ಲೇ ಉಳಿದರು. ಅವರಿಬ್ಬರೂ ನಮಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದರು. ದಾರಿ ದೂರ, ಹೆಣ್ಣುಮಗು, ಜನ ಏನಂದಾರು ಅಂತ ಮನೆಯವರು ಬಿಡಿಸಿದರು. ಈಗ ಯಾರೂ ಸೆಗಣಿ ಎಸೆಯುವುದಿಲ್ಲ ನಿಜ. ಆದರೆ ಜನ ಏನಂದಾರು ಅನ್ನುವ ಮಾತು ಅದೇ ಕೆಲಸ ಮಾಡುತ್ತದೆ.

ಅದಕ್ಕೆ ನನ್ನದು ಎರಡು ವಿನಂತಿ. ಪರೀಕ್ಷೆ ಮುಗಿಯುವ ಮೊದಲೇ ಗುರುಗಳು ಮತ್ತು ಬಾಯಿಯವರು ಹುಡುಗಿಯರ ಮನೆಗಳಿಗೆ ಹೋಗಿ ಹಿರಿಯರಿಗೆ ತಿಳಿಸಿ ಹೇಳಬೇಕು. ಹುಡುಗರಾದ ನಾವು, ಅಕ್ಕ ತಂಗಿಯರು ಹೈಸ್ಕೂಲಿಗೆ ಹೊರಟಾಗ ಮನೆಯ ಕೆಲಸದಲ್ಲಿ ಪಾಲು ತೆಗೆದುಕೊಳ್ಳಬೇಕು. ಕೊಡ ಹೊರಬೇಕು, ಕಸ ಹೊಡೆಯಬೇಕು. ಕಟ್ಟೆ ಮೇಲಿನವರು ನಗಲಿ. ಜೂನ್ ತಿಂಗಳಲ್ಲಿ ನಮ್ಮ ತರಗತಿಯ ಎಲ್ಲರ ಹೆಸರೂ 8ನೇ ತರಗತಿಯ ಹಾಜರಿ ಪುಸ್ತಕದಲ್ಲಿ ಇರಲಿ.

ಜೈ ಸಾವಿತ್ರಿಬಾಯಿ.

– 7ನೇ ತರಗತಿಯ ವಿದ್ಯಾರ್ಥಿ