ಪಂಡಿತಾ ರಮಾಬಾಯಿ: ಸಖ್ಯದ ನೆಲೆಗಳು

ಕೊನೆಯ ಪೇಶ್ವೆ ಎರಡನೆಯ ಬಾಜೀರಾಯನ ಪತ್ನಿಗೆ ರಾಮಚಂದ್ರಶಾಸ್ತ್ರಿ ಸಾಠೆ ಎಂಬ ವಿದ್ವಾಂಸರು ಪುಣೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದರು. ಕಾರ್ಕಳದ ಸಮೀಪದ ಮಾಳದಿಂದ ವಿದ್ಯಾರ್ಜನೆಗಾಗಿ ಅವರ ಬಳಿಗೆ ಬಂದಿದ್ದ ಅನಂತಶಾಸ್ತ್ರಿ ಡೋಂಗ್ರೆಯವರು, ಹೆಣ್ಣುಮಗಳೊಬ್ಬಳು ಶ್ಲೋಕಗಳನ್ನು ಸ್ಫುಟವಾಗಿ ಪಠಿಸುವುದನ್ನು ಕೇಳಿ ಬೆರಗಾದರು. ಊರಿಗೆ ಮರಳಿ ಪತ್ನಿಗೆ ಕಲಿಸಹೊರಟಾಗ ಮನೆಯವರೇ ಅಡ್ಡಬಂದರು. ಮುಂದೆ ಎರಡನೆಯ ಪತ್ನಿ ಲಕ್ಷ್ಮೀಬಾಯಿಯವರಿಗೆ ಪಾಠ ಆರಂಭಿಸಿದಾಗ ವಿಷಯ ಉಡುಪಿಯ ಪಂಡಿತರ ಸಭೆಯವರೆಗೂ ಹೋಯಿತು. ಶಾಸ್ತ್ರಿಗಳು ಆಧಾರಗಳನ್ನು ಮುಂದಿಟ್ಟು ತಮ್ಮ ನಿಲುವನ್ನು ಸಮರ್ಥಿಸಿಕೊಂಡರು. ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡು ಬಾಳುತ್ತಿದ್ದ ಈ ದಂಪತಿಗಳಿಗೆ ೧೮೫೮ರ ಏಪ್ರಿಲ್ ೨೩ರಂದು ರಮಾಬಾಯಿ ಜನಿಸಿದರು. ಯಾರೊಡನೆ ಕೂತು ಕಲಿಯಬಹುದು, ಯಾರೊಡನೆ ಉಣ್ಣಬಹುದು, ಯಾರ ಶವಕ್ಕೆ ಹೆಗಲು ಕೊಡಬಹುದು ಎಂಬ ಪ್ರಶ್ನೆಗಳು ಆ ಮನೆಯಲ್ಲಿ ಅವರ ಹುಟ್ಟಿಗೆ ಮೊದಲೇ ಎದ್ದಿದ್ದವು.

ಮಗು ಆರು ತಿಂಗಳದಾಗಿದ್ದಾಗ ಕುಟುಂಬ ಗಂಗಾಮೂಲವನ್ನು ಬಿಟ್ಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಘಟ್ಟ ಇಳಿಸಿದರು. ತೀರ್ಥಕ್ಷೇತ್ರಗಳಲ್ಲಿ ಪುರಾಣ ಹೇಳುವುದೇ ಅಲ್ಲಿಂದ ಮುಂದೆ ಅವರ ಜೀವನೋಪಾಯ. ದೇವಾಲಯದ ಜಗಲಿಯಲ್ಲಿ ಕತೆ ಹೇಳುವವರಿಗೂ ಕೇಳುವವರಿಗೂ ಏರ್ಪಡುವ ಸಂಗ ಹಿರಿದಾದುದೇ. ಆದರೆ ಅದು ಕತೆ ಮುಗಿಯುವವರೆಗೆ ಮಾತ್ರ. ೧೮೭೦ರ ದಶಕದ ಕ್ಷಾಮದಲ್ಲಿ ಈ ಸತ್ಯ ಕ್ರೂರವಾಗಿ ಗೋಚರಿಸಿತು. ದಾನಧರ್ಮಗಳಲ್ಲಿ ಹಣವೆಲ್ಲ ಕರಗಿತ್ತು. ವೈದಿಕ ಮನೆತನದ ಅಭಿಮಾನ ಕೂಲಿಗೆ ಹೋಗಲು ಬಿಡಲಿಲ್ಲ. ೧೮೭೪ರಲ್ಲಿ ತಂದೆ ತೀರಿಕೊಂಡರು, ಕೆಲವೇ ತಿಂಗಳಲ್ಲಿ ತಾಯಿ, ಅನಂತರ ಅಕ್ಕ. ತಾಯಿಯ ಶವವನ್ನು ಸ್ಮಶಾನಕ್ಕೆ ಒಯ್ಯಲು ಸ್ವಜಾತಿಯವರು ಮುಂದೆ ಬರಲಿಲ್ಲ. ಕೊನೆಗೆ ಇಬ್ಬರು ಕರುಣೆಯಿಂದ ಒಪ್ಪಿದರು. ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೆಯವರು ಸ್ವತಃ ರಮಾಬಾಯಿ. ಎತ್ತರ ಸಾಲದ್ದರಿಂದ ಚಟ್ಟದ ತುದಿಯನ್ನು ಅವರು ತಲೆಯ ಮೇಲೆ ಹೊರಬೇಕಾಯಿತು. ಜಾತಿಯೆಂಬ ಬಂಧುತ್ವದಲ್ಲಿ ಅವರಿಟ್ಟಿದ್ದ ನಂಬಿಕೆ ಸಡಿಲಗೊಳ್ಳಲು ತರ್ಕಗ್ರಂಥಗಳು ಬೇಕಾಗಿರಲಿಲ್ಲ.

ಅಣ್ಣ ತಂಗಿಯರು ಕಾಲ್ನಡಿಗೆಯಲ್ಲಿ ದೇಶ ಸುತ್ತಿ ೧೮೭೮ರಲ್ಲಿ ಕಲ್ಕತ್ತೆಯನ್ನು ತಲುಪಿದರು. ಅಲ್ಲಿಯ ವಿದ್ವತ್ಸಭೆ ರಮಾಬಾಯಿಯವರಿಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತು ಗೌರವಿಸಿತು. ಅದೇ ನಗರದಲ್ಲಿ ಮೊದಲ ಬಾರಿಗೆ ಕ್ರೈಸ್ತರ ಕೂಟವೊಂದಕ್ಕೆ ಹೋದಾಗ, ಕುರ್ಚಿಗಳ ಮುಂದೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದವರನ್ನು ಕಂಡು, ಇವರು ಕುರ್ಚಿಗಳನ್ನೇ ಪೂಜಿಸುತ್ತಿದ್ದಾರೆಂದು ಇಬ್ಬರೂ ಭಾವಿಸಿದರು. ೧೮೮೦ರಲ್ಲಿ ಅಣ್ಣನೂ ಢಾಕಾದಲ್ಲಿ ತೀರಿಕೊಂಡ ಮೇಲೆ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ರಮಾಬಾಯಿ ನೋಂದಣಿ ವಿಧಾನದಲ್ಲಿ ವಿವಾಹವಾದರು. ಜಾತಿ, ಪ್ರಾಂತ, ಭಾಷೆ ಯಾವುದೂ ಒಂದಾಗಿರದ ಈ ದಾಂಪತ್ಯಕ್ಕೆ ಎರಡು ವರ್ಷವೂ ತುಂಬಲಿಲ್ಲ. ೧೮೮೨ರ ಫೆಬ್ರವರಿಯಲ್ಲಿ ಕಾಲರಾ ಪತಿಯನ್ನು ಒಯ್ಯಿತು. ಹತ್ತು ತಿಂಗಳ ಮಗಳು ಮನೋರಮೆಯೊಡನೆ ಅವರು ಪುಣೆಗೆ ಬಂದರು.

ಪುಣೆಯ ಸುಧಾರಕರು ಅವರನ್ನು ಆದರದಿಂದ ಬರಮಾಡಿಕೊಂಡರು. ಮಹಾದೇವ ಗೋವಿಂದ ರಾನಡೆಯವರ ಬೆಂಬಲದಿಂದ ಆರ್ಯ ಮಹಿಳಾ ಸಮಾಜ ಸ್ಥಾಪಿತವಾಯಿತು. ರಾನಡೆಯವರ ಪತ್ನಿ, ಇನ್ನೊಬ್ಬ ರಮಾಬಾಯಿ, ಮನೆಯ ಹಿರಿಯ ಹೆಂಗಸರ ಆಕ್ಷೇಪಣೆಯ ನಡುವೆಯೂ ಈಕೆಯ ಸಂಗವನ್ನು ಬಿಡಲಿಲ್ಲ. ಅದೇ ವರ್ಷ ಹಂಟರ್ ಆಯೋಗದ ಮುಂದೆ ರಮಾಬಾಯಿ ಸಾಕ್ಷ್ಯ ನುಡಿದು ಸ್ತ್ರೀಯರಿಗೆ ಸ್ತ್ರೀ ವೈದ್ಯರೂ ಶಿಕ್ಷಕಿಯರೂ ಬೇಕೆಂದು ವಾದಿಸಿದರು. ವೈದ್ಯಶಿಕ್ಷಣ ಪಡೆಯುವ ಆಸೆಯಿಂದ ೧೮೮೩ರಲ್ಲಿ ಇಂಗ್ಲೆಂಡಿಗೆ ತೆರಳಿ, ವಾಂಟೇಜಿನ ಆಂಗ್ಲಿಕನ್ ಸಂನ್ಯಾಸಿನಿಯರ ಮಠದಲ್ಲಿ ತಂಗಿದರು. ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ಅಲ್ಲಿಯೇ ದುರಂತ ಸಾವಿಗೀಡಾದರು. ಸೆಪ್ಟೆಂಬರ್ ೨೯ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಹೊಸ ಮತವನ್ನು ಸೇರಿದವರಿಗೆ ಅಲ್ಲಿ ಸಿದ್ಧವಾದ ಬಂಧುವರ್ಗ ದೊರೆಯುತ್ತದೆಂಬುದು ಸಾಮಾನ್ಯ ಕಲ್ಪನೆ. ರಮಾಬಾಯಿಯವರ ಅನುಭವ ಬೇರೆ. ಅವರ ಧರ್ಮಮಾತೆ ಸಿಸ್ಟರ್ ಜೆರಾಲ್ಡಿನ್ ಮತ್ತು ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನ ಡೊರೊಥಿಯಾ ಬೀಲ್ ಅವರೊಡನೆ ನಡೆದ ಪತ್ರವ್ಯವಹಾರ ೧೯೭೭ರಲ್ಲಿ ಪ್ರಕಟವಾದಾಗ ಆ ಕಾಲದ ಘರ್ಷಣೆ ಬೆಳಕಿಗೆ ಬಂದಿತು. ಅವರು ಮಾಂಸವನ್ನಿರಲಿ, ಮೊಟ್ಟೆ ಬೆರೆಸಿದ ತಿನಿಸನ್ನೂ ಮುಟ್ಟುತ್ತಿರಲಿಲ್ಲ. ಅದರಲ್ಲಿ ಜೆರಾಲ್ಡಿನ್ ಜಾತಿಯ ಅಹಂಕಾರವನ್ನು ಕಂಡರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವೇಕಾಗಬಾರದು ಎಂದು ರಮಾಬಾಯಿ ಕೇಳಿದರು. ಗಂಡುಮಕ್ಕಳಿಗೆ ಪಾಠ ಹೇಳಲು ಅವರು ಸಿದ್ಧರಾದಾಗ ಭಾರತದಲ್ಲಿದ್ದ ಬಿಷಪ್ಪರು ತಡೆದರು. ಉಡುಪಿಯ ಸಭೆಯ ಮುಂದೆ ತಂದೆ ನಿಂತಂತೆ ಮಗಳು ಇಂಗ್ಲೆಂಡಿನ ಚರ್ಚಿನ ಮುಂದೆ ನಿಂತರು. ಗುರುಹಿರಿಯರಿಗೆ ಅಧೀನಳಾಗಿರುವುದೇ ಭಕ್ತಿಸಂಗದ ಕುರುಹು ಎಂಬುದನ್ನು ಅವರು ಒಪ್ಪಲಿಲ್ಲ. ಜೆರಾಲ್ಡಿನ್ ಅವರೊಡನೆ ಸ್ನೇಹವನ್ನೂ ಕಡಿದುಕೊಳ್ಳಲಿಲ್ಲ. ಅತ್ತ ಪುಣೆಯಲ್ಲಿ ಮತಾಂತರದ ಸುದ್ದಿಗೆ ಎದ್ದ ಕೋಲಾಹಲದ ನಡುವೆ, ೧೮೮೫ರಲ್ಲಿ, ಅವರ ಪರವಾಗಿ ಬರೆದವರು ಜ್ಯೋತಿರಾವ್ ಫುಲೆ.

ಬಂಧುವಾದ ಡಾಕ್ಟರ್ ಆನಂದಿಬಾಯಿ ಜೋಶಿಯವರ ಪದವಿಪ್ರದಾನಕ್ಕೆಂದು ೧೮೮೬ರಲ್ಲಿ ಅಮೆರಿಕಕ್ಕೆ ಹೋದ ರಮಾಬಾಯಿ, ಮೂರು ವರ್ಷಗಳ ಉಪನ್ಯಾಸಯಾತ್ರೆಯಿಂದ ವಿಧವೆಯರ ಶಾಲೆಗೆ ನೆರವು ಗಳಿಸಿ ಮರಳಿದರು. ೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಆರಂಭವಾದ ಶಾರದಾ ಸದನ ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಅಲ್ಲಿ ಜಾತಿನಿಯಮ ಪಾಲನೆಗೆ ಅಡ್ಡಿಯಿರಲಿಲ್ಲ, ಮತಬೋಧೆಯೂ ಪಾಠದಲ್ಲಿರಲಿಲ್ಲ. ರಾನಡೆ, ಭಾಂಡಾರಕರರು ಸಲಹಾ ಮಂಡಳಿಯಲ್ಲಿದ್ದರು. ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರಾದ ವಿಧವೆ ಗೋದುಬಾಯಿಯವರನ್ನು ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. ಆದರೆ ರಮಾಬಾಯಿಯವರು ಬಾಗಿಲು ತೆರೆದಿಟ್ಟುಕೊಂಡೇ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುತ್ತಿದ್ದರು. ಹುಡುಗಿಯರು ಬಂದು ಕೂರುತ್ತಿದ್ದರು. ಕೇಸರಿ ಪತ್ರಿಕೆ ಈ ವಿಷಯವನ್ನು ಕೈಬಿಡಲಿಲ್ಲ. ಅದೇ ವರ್ಷ ಸಲಹಾ ಮಂಡಳಿ ರಾಜೀನಾಮೆಯಿತ್ತಿತು, ಅನೇಕ ಪಾಲಕರು ಹುಡುಗಿಯರನ್ನು ಕರೆದೊಯ್ದರು. ಸಾರ್ವಜನಿಕ ವಿಶ್ವಾಸದ ಹೊಣೆ ಹೊತ್ತಿದ್ದ ರಾನಡೆಯವರ ಇಕ್ಕಟ್ಟು ಸುಳ್ಳಾಗಿರಲಿಲ್ಲ; ತೆರೆದ ಬಾಗಿಲು ಆಮಂತ್ರಣವೂ ಹೌದಷ್ಟೆ. ಆದರೂ ಕಳಿಸಲ್ಪಟ್ಟ ವಿಧವೆಯರು ಮತ್ತೆ ಯಾವ ಅಡುಗೆಮನೆಗಳ ಕತ್ತಲೆಗೆ ಮರಳಿದರೆಂಬುದನ್ನು ಆ ವಿವಾದದಲ್ಲಿ ಕೇಳಿದವರು ಕಡಿಮೆ.

ಇದೇ ವರ್ಷಗಳಲ್ಲಿ ಪುಣೆಯ ಓದುಗರು ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯೊಂದನ್ನು ಕರಮಣೂಕ ಪತ್ರಿಕೆಯಲ್ಲಿ ಕಂತುಕಂತಾಗಿ ಓದುತ್ತಿದ್ದರು. ಪಣ ಲಕ್ಷಾತ್ ಕೋಣ ಘೇತೋ ಎಂಬ ಆ ಕೃತಿಯ ವಿಧವೆ ಯಮೂ ತನ್ನ ಕತೆಯನ್ನು ತಾನೇ ನಿರೂಪಿಸುತ್ತಾಳೆ. ಬಲಾತ್ಕಾರವಾಗಿ ಅವಳ ಕೇಶಮುಂಡನವಾಗುತ್ತದೆ. ಕಲ್ಪಿತ ವಿಧವೆಗಾಗಿ ಮರುಗುತ್ತಿದ್ದ ನಗರ ನಿಜವಾದ ವಿಧವೆಯರ ಮನೆಯನ್ನು ಶಂಕೆಯಿಂದ ನೋಡುತ್ತಿತ್ತು. ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಕಾದಂಬರಿ ಬೇಡುವ ಸಖ್ಯ ಏಕಾಂತದ್ದು. ಅದಕ್ಕೆ ಪಂಕ್ತಿಭೇದದ ಭಯವಿಲ್ಲ. ಕನ್ನಡದಲ್ಲಿ ೧೮೯೯ರಲ್ಲಿ ಮಂಗಳೂರಿನಿಂದ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿಯಲ್ಲೂ ವಿಧವೆ ಅಮೃತರಾಯನ ಮನೆಯಲ್ಲಿ ಆಶ್ರಯ, ವಿದ್ಯೆ, ಕೊನೆಗೆ ಮರುವಿವಾಹವನ್ನು ಪಡೆಯುತ್ತಾಳೆ. ಒಬ್ಬಳು ನಾಯಿಕೆ, ಒಂದು ಸಜ್ಜನ ಕುಟುಂಬ. ನೂರಾರು ನಿರ್ಗತಿಕ ಹೆಂಗಸರು ಒಟ್ಟಿಗೆ ಬಾಳುವ ಮನೆಯನ್ನು ಊಹಿಸಲು ಆ ಕಾಲದ ಕಾದಂಬರಿಗೆ ಇನ್ನೂ ಸಾಧ್ಯವಾಗಿರಲಿಲ್ಲ.

ಅಂತಹ ಮನೆ ಆಗಲೇ ಎದ್ದಿತ್ತು. ೧೮೯೬-೯೭ರ ಕ್ಷಾಮದಲ್ಲಿ ರಮಾಬಾಯಿ ಮಧ್ಯಪ್ರಾಂತಗಳಿಗೆ ಹೋಗಿ ಸುಮಾರು ೩೦೦ ಹೆಣ್ಣುಮಕ್ಕಳನ್ನು ಕರೆತಂದರು. ಪ್ಲೇಗು ಹಬ್ಬಿದ್ದ ಪುಣೆಯಲ್ಲಿ ಅವರನ್ನಿಡುವಂತಿರಲಿಲ್ಲ. ಪುಣೆ ಜಿಲ್ಲೆಯ ಕೇಡಗಾಂವದ ಹೊಲದಲ್ಲಿ ಗುಡಿಸಲುಗಳೆದ್ದವು. ಅದೇ ಮುಕ್ತಿ ಸದನ. ಹಸಿದವಳಿಗೆ ಯಾವ ಜಾತಿಯ ಕೈ ಅನ್ನ ನೀಡುತ್ತದೆಂಬ ಪ್ರಶ್ನೆ ಇಲ್ಲಿ ಉಳಿಯಲಿಲ್ಲ. ೧೯೦೦ರ ಗುಜರಾತಿನ ಬರದ ಬಳಿಕ ನಿವಾಸಿಗಳ ಸಂಖ್ಯೆ ಸಾವಿರ ಮೀರಿತು. ನೇಯ್ಗೆ, ಗಾಣ, ಹೈನುಗಾರಿಕೆ, ಮುದ್ರಣಗಳನ್ನು ಹೆಂಗಸರೇ ನಡೆಸಿದರು; ಅಂಧರಿಗೆ ಬೇರೆ ಮನೆಯಿತ್ತು. ಯಾವ ಪಂಗಡಕ್ಕೂ ಸಂಸ್ಥೆಯನ್ನು ಒಪ್ಪಿಸದಿದ್ದರೂ ಅದು ಈಗ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಶಾರದಾ ಸದನದ ಆರಂಭದ ಮತತಾಟಸ್ಥ್ಯ ಹಿಂದೆ ಉಳಿಯಿತು. ಜಾತಿಯ ಗೋಡೆಯನ್ನು ಕೆಡವಿದ ಮನೆಗೆ ಮತದ ಬೇಲಿ ಬಂದಿತೆಂಬುದನ್ನು ಅವರ ಅಭಿಮಾನಿಗಳೂ ಮರೆಯಲಾಗದು.

ಕನ್ನಡ ನಾಡಿನ ನಂಟು ಪೂರ್ತಿ ಕಡಿದಿರಲಿಲ್ಲ. ಅವರು ಬಲ್ಲ ಹಲವು ಭಾಷೆಗಳಲ್ಲಿ ಕನ್ನಡವೂ ಒಂದು. ಆಗ ನಿಜಾಮರ ಸಂಸ್ಥಾನದಲ್ಲಿದ್ದ ಗುಲ್ಬರ್ಗದಲ್ಲಿ ೧೯೧೨ರ ಸುಮಾರಿಗೆ ಶಾಲೆ ಆರಂಭವಾದಾಗ ಮನೋರಮಾ ಅದರ ಮುಖ್ಯಸ್ಥೆಯಾದರು. ತಾಯಿಯ ಉತ್ತರಾಧಿಕಾರಿಯಾಗಬೇಕಿದ್ದ ಆಕೆ ೧೯೨೧ರಲ್ಲಿ ತೀರಿಕೊಂಡರು. ಹೀಬ್ರೂ, ಗ್ರೀಕ್ ಮೂಲಗಳಿಂದ ಸರಳ ಮರಾಠಿಗೆ ಬೈಬಲನ್ನು ತರುವ ಕೆಲಸದಲ್ಲಿ ರಮಾಬಾಯಿ ಕೊನೆಯವರೆಗೂ ತೊಡಗಿದ್ದರು. ೧೯೨೨ರ ಏಪ್ರಿಲ್ ೫ರಂದು ಕೇಡಗಾಂವದಲ್ಲಿ ಅವರು ನಿಧನರಾದರು. ಪೂರ್ಣ ಗ್ರಂಥ ಹೊರಬಂದದ್ದು ಅನಂತರ. ಅದರ ಅಚ್ಚುಮೊಳೆ ಜೋಡಿಸಿದವರು ಮುಕ್ತಿ ಸದನದ ಹೆಂಗಸರು.