ಕೆ.ಎಸ್. ಹೆಗ್ಡೆ ಅಂದರೆ ಬರೇ ಆಸ್ಪತ್ರೆಯಲ್ಲ!

ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸು ಹತ್ತಿ, ನೇತ್ರಾವತಿ ಸಂಕ ದಾಟಿ, ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಿದರೆ ದೇರಳಕಟ್ಟೆ. ಅಲ್ಲಿ ಕೆ.ಎಸ್. ಹೆಗ್ಡೆ ಅಂದರೆ ಆಸ್ಪತ್ರೆ. ಚೀಟಿಯ ಮೇಲೆ ಆ ಹೆಸರು, ಬಿಲ್ಲಿನ ಮೇಲೆ ಆ ಹೆಸರು. ಉಳ್ಳಾಲದ ಅಬ್ಬಕ್ಕ ಯಾರೆಂದು ಕೇಳಿದರೆ ಶಾಲೆಯ ಮಕ್ಕಳೂ ಹೇಳುತ್ತಾರೆ. ಈ ಹೆಗ್ಡೆ ಯಾರೆಂದು ಕೇಳಿ ನೋಡಿ. ಯಾರೋ ದೊಡ್ಡ ಡಾಕ್ಟರಿರಬೇಕು ಅನ್ನುವವರೂ ಉಂಟು.

ಡಾಕ್ಟರಲ್ಲ ಮಾರಾಯ್ರೆ, ಜಡ್ಜ್. ದೇಶದ ಮುಖ್ಯ ನ್ಯಾಯಮೂರ್ತಿಯ ಕುರ್ಚಿ ಕೈಗೆ ಸಿಗುವಷ್ಟು ಹತ್ತಿರ ಬಂದಾಗ ದಿಲ್ಲಿ ಸರಕಾರ ಅವರನ್ನು ಬದಿಗೆ ಸರಿಸಿತು. ಎರಡು ವರ್ಷ ಕಳೆದು ಸ್ವಲ್ಪದರಲ್ಲೇ ಇಡೀ ದೇಶಕ್ಕೆ ಎಮರ್ಜೆನ್ಸಿ ಬಂತು. ಈ ಎರಡು ಸಂಗತಿಗೂ ಸಂಬಂಧ ಉಂಟು. ಅದನ್ನು ತಿಳಿಯಬೇಕಾದರೆ ಕಥೆಯನ್ನು ಕಾರ್ಕಳದಿಂದ ಸುರು ಮಾಡಬೇಕು.

ಕೌಡೂರಿನಿಂದ ದಿಲ್ಲಿಗೆ

ಕೌಡೂರು ಸದಾನಂದ ಹೆಗ್ಡೆ ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲೂಕಿನ ಕೌಡೂರಿನಲ್ಲಿ. ಊರ ಶಾಲೆ, ಕಾರ್ಕಳ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಮತ್ತೆ ಮದ್ರಾಸು. ಅಲ್ಲೇ ಕಾನೂನು ಓದಿ 1933ರಲ್ಲಿ ವಕೀಲಿಗೆ ಇಳಿದರು. ಸ್ವಾತಂತ್ರ್ಯ ಬಂದ ಕಾಲಕ್ಕೆ ಸರಕಾರಿ ವಕೀಲರು, ಪಬ್ಲಿಕ್ ಪ್ರಾಸಿಕ್ಯೂಟರು. 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆ. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ಜಡ್ಜ್. 1966ರಲ್ಲಿ ದಿಲ್ಲಿ ಹೈಕೋರ್ಟು ಹುಟ್ಟಿದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ. ಮರುವರ್ಷ ಜುಲೈಯಲ್ಲಿ ಸುಪ್ರೀಂ ಕೋರ್ಟು.

ಅವರು ಕಾನೂನು ಓದುವ ವಯಸ್ಸಿನಲ್ಲೇ, 1930ರ ಮೇ ತಿಂಗಳಲ್ಲಿ, ಕನ್ನಡಿಗರೂ ತುಂಬ ಇರುವ ಗಿರಣಿ ಊರು ಸೋಲಾಪುರದಲ್ಲಿ ಬ್ರಿಟಿಷರು ಮಾರ್ಷಲ್ ಲಾ ಸಾರಿದ್ದರು. ಗಾಂಧಿಯವರನ್ನು ಬಂಧಿಸಿದ್ದಕ್ಕೆ ಊರು ಎದ್ದಿತ್ತು. ಊರಿನ ಆಡಳಿತ ಸೈನ್ಯದ ಕೈಗೆ ಹೋಯಿತು. ಕಾಂಗ್ರೆಸ್ ಬಾವುಟ ಹಿಡಿದರೂ ಸೈನಿಕ ಕೋರ್ಟಿನಲ್ಲಿ ಶಿಕ್ಷೆ. ಆ ಗಲಾಟೆಯ ಹೆಸರಿನಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಎಂಬ ನಾಲ್ವರಿಗೆ 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಾಯಿತು.

ಮಾರ್ಷಲ್ ಲಾ ಎಂದರೆ ಎಂತದು? ಸುಲಭವಾಗಿ ಹೇಳುವುದಾದರೆ, ಹಿಡಿಯುವವನೂ ಅವನೇ, ಆರೋಪ ಹೊರಿಸುವವನೂ ಅವನೇ, ತೀರ್ಪು ಕೊಡುವವನೂ ಅವನೇ. ನಮ್ಮ ಸಂವಿಧಾನದ 34ನೇ ವಿಧಿಯಲ್ಲಿ ಆ ಶಬ್ದ ಉಂಟು, ಆದರೆ ಎಂತ ಎಂಬ ವಿವರಣೆ ಇಲ್ಲ. 1950ರ ಮೇಲೆ ಈ ದೇಶದಲ್ಲಿ ಅದನ್ನು ಸಾರಿದ್ದೂ ಇಲ್ಲ. ಆದರೆ ಸಿಪಾಯಿ ಬೀದಿಗೆ ಇಳಿಯದೆಯೂ ಕೋರ್ಟಿನ ಬಾಗಿಲು ಮುಚ್ಚಬಹುದು ಎಂಬುದನ್ನು ನಾವು 1975ರಲ್ಲಿ ನೋಡಿದೆವು.

ತನ್ನ ವ್ಯಾಜ್ಯಕ್ಕೆ ತಾನೇ ಪಂಚಾಯಿತಿ?

ಸುಪ್ರೀಂ ಕೋರ್ಟಿನಲ್ಲಿ ಹೆಗ್ಡೆಯವರು ಬರೆದ ಒಂದು ತೀರ್ಪನ್ನು ವಕೀಲರು ಈಗಲೂ ಎತ್ತಿ ಹೇಳುತ್ತಾರೆ. 1969ರ ಕ್ರೈಪಾಕ್ ಕೇಸು. ಜಮ್ಮು ಕಾಶ್ಮೀರದಲ್ಲಿ ಅರಣ್ಯಾಧಿಕಾರಿಗಳ ಆಯ್ಕೆ. ಅರ್ಜಿ ಹಾಕಿದವರಲ್ಲೇ ಒಬ್ಬ ಅಧಿಕಾರಿ ಆಯ್ಕೆ ಮಂಡಳಿಯಲ್ಲೂ ಕೂತಿದ್ದ. ತನ್ನ ಹೆಸರು ಬಂದಾಗ ಎದ್ದು ಹೋದ, ಸರಿ. ಆದರೆ ತನ್ನ ಎದುರಾಳಿಗಳ ಹೆಸರು ಬಂದಾಗ ಅಲ್ಲೇ ಇದ್ದ. ಇಡೀ ಪಟ್ಟಿಯೇ ರದ್ದಾಯಿತು. ತನ್ನ ವ್ಯಾಜ್ಯಕ್ಕೆ ತಾನೇ ಜಡ್ಜ್ ಆಗಬಾರದೆಂಬ ನ್ಯಾಯ ಕೋರ್ಟಿಗೆ ಮಾತ್ರವಲ್ಲ, ಸರಕಾರಿ ಆಫೀಸಿಗೂ ಅನ್ವಯಿಸುತ್ತದೆ ಎಂದು ಆ ತೀರ್ಪು ಹೇಳಿತು. ಈ ಮಾತನ್ನು ಓದುಗರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

1971ರ ಚುನಾವಣೆಯಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯವರ ಎದುರು ಸೋತ ರಾಜನಾರಾಯಣ್ ಕೋರ್ಟಿಗೆ ಹೋದರು. ಅಲಹಾಬಾದ್ ಹೈಕೋರ್ಟು ಹೊರಗಿಟ್ಟಿದ್ದ ಕೆಲವು ಅಂಶಗಳಿಗೆ 1972ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಾಗಿಲು ತೆರೆಯಿತು. ಆ ತೀರ್ಪು ಬರೆದವರು ಹೆಗ್ಡೆ.

ಮತ್ತೆ ಬಂತು ಕೇಶವಾನಂದ ಭಾರತಿ ಕೇಸು. ತಲಪಾಡಿ ದಾಟಿ ಕಾಸರಗೋಡಿನ ಆಚೆ ಹೋದರೆ ಸಿಗುವ ಎಡನೀರು ಮಠದ ಸ್ವಾಮಿಗಳು ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಹೂಡಿದ್ದು. 13 ಮಂದಿ ಜಡ್ಜರು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ತೀರ್ಪು. ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಚೌಕಟ್ಟನ್ನು ಮುರಿಯುವ ಹಾಗಿಲ್ಲ. ಏಳು ಜನ ಹೌದು ಅಂದರು, ಆರು ಜನ ಅಲ್ಲ ಅಂದರು. ಹೌದು ಅಂದವರಲ್ಲಿ ಹೆಗ್ಡೆ ಒಬ್ಬರು. ಅರ್ಜಿದಾರರೂ ಕರಾವಳಿಯವರು, ಜಡ್ಜರಲ್ಲೊಬ್ಬರೂ ಕರಾವಳಿಯವರು. ಒಂದೇ ಒಂದು ಮತ ಆಚೆ ಹೋಗಿದ್ದರೆ ಕಥೆಯೇ ಬೇರೆ.

ಮರುದಿನವೇ ಏಟು

ಏಪ್ರಿಲ್ 25ರಂದೇ ಹೊಸ ಮುಖ್ಯ ನ್ಯಾಯಮೂರ್ತಿಯ ಹೆಸರು ಬಂತು. ಹಿರಿತನದಲ್ಲಿ ಮೊದಲಿದ್ದವರು ಶೆಲಟ್, ಆಮೇಲೆ ಹೆಗ್ಡೆ, ಆಮೇಲೆ ಗ್ರೋವರ್. ಮೂವರನ್ನೂ ದಾಟಿಸಿ ನಾಲ್ಕನೆಯವರಾದ ಎ.ಎನ್. ರೇ ಅವರನ್ನು ಕೂರಿಸಲಾಯಿತು. ದಾಟಿಸಿಕೊಂಡ ಮೂವರೂ ಸರಕಾರದ ವಿರುದ್ಧ ತೀರ್ಪು ಕೊಟ್ಟವರು. ಕುರ್ಚಿ ಸಿಕ್ಕಿದವರು ಸರಕಾರದ ಪರ. ಜಡ್ಜರ ಮನೋಧರ್ಮ ನೋಡಿ ಆರಿಸುವ ಹಕ್ಕು ತಮಗುಂಟು ಎಂದು ಮಂತ್ರಿ ಮೋಹನ ಕುಮಾರಮಂಗಲಂ ಪಾರ್ಲಿಮೆಂಟಿನಲ್ಲಿ ಸಮರ್ಥಿಸಿದರು. ಮೂವರೂ ರಾಜೀನಾಮೆ ಬಿಸಾಡಿದರು. ರಾಯ್‌ಬರೇಲಿ ಕೇಸಿನ ಸಿಟ್ಟೂ ಇದರಲ್ಲಿ ಇತ್ತು ಎಂಬ ಮಾತು ಅಂದಿನಿಂದಲೂ ಉಂಟು.

ಲೆಕ್ಕ ಹಾಕಿ ನೋಡಿ. ಸರದಿಯಂತೆ ನಡೆದಿದ್ದರೆ ಶೆಲಟ್ ನಿವೃತ್ತಿಯ ನಂತರ ಹೆಗ್ಡೆಯವರಿಗೆ ಸಿಗುತ್ತಿದ್ದದ್ದು ಸುಮಾರು 11 ತಿಂಗಳು, 1974ರ ಜೂನ್ ತನಕ. ಎಮರ್ಜೆನ್ಸಿ ಹೊತ್ತಿಗೆ ಅವರು ಹೇಗೂ ಮನೆಯಲ್ಲಿರುತ್ತಿದ್ದರು. ಹಾಗಾದರೆ ಹೋದದ್ದು ಎಂತ? ಉಳಿದ ಜಡ್ಜರ ಧೈರ್ಯ. ಸರಕಾರಕ್ಕೆ ಬೇಡದ ತೀರ್ಪು ಬರೆದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಕಂಡಿತು.

1975ರ ಜೂನ್ 12ರಂದು ಅಲಹಾಬಾದಿನಲ್ಲಿ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಇಂದಿರಾ ಗಾಂಧಿಯವರ ಚುನಾವಣೆಯನ್ನು ರದ್ದು ಮಾಡಿದರು. ಜೂನ್ 25ರ ರಾತ್ರಿ ರಾಷ್ಟ್ರಪತಿಗಳ ಸಹಿ ಬಿತ್ತು. ಮಂತ್ರಿಮಂಡಲಕ್ಕೆ ಗೊತ್ತಾದದ್ದು ಮರುದಿನ ಬೆಳಿಗ್ಗೆ! ಮಿಸಾ ಕಾಯಿದೆಯಡಿ ಸುಮಾರು 35 ಸಾವಿರ ಜನ ಒಳಗಾದರು. ಬೆಂಗಳೂರು ಜೈಲಿನಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು.

ಒಳಗಿದ್ದವರ ಪರವಾಗಿ ಅರ್ಜಿಗಳು ಹೋದವು. ಬಂಧನ ಸರಿಯೋ ತಪ್ಪೋ ನಾವು ನೋಡಬಹುದು ಎಂದು ಒಂಬತ್ತು ಹೈಕೋರ್ಟುಗಳು ಹೇಳಿದವು, ಕರ್ನಾಟಕದ್ದೂ ಸೇರಿ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ ಹಾಕಿತು. ಪೋಲೀಸನು ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೂ ಈ ಕಾಲದಲ್ಲಿ ಕೋರ್ಟಿಗೆ ಬರುವ ಹಾಗಿಲ್ಲ ಎಂಬಲ್ಲಿಗೆ ಸರಕಾರದ ವಾದ ಹೋಗಿತ್ತು. ಐವರಲ್ಲಿ ನಾಲ್ವರು ಸರಕಾರದ ಪರ ನಿಂತರು. ಪೀಠದ ಮುಖ್ಯಸ್ಥರು ಅದೇ ರೇ. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಮರುವರ್ಷ ಅವರನ್ನೂ ದಾಟಿಸಿ ಕಿರಿಯರನ್ನು ಕೂರಿಸಲಾಯಿತು, ಅವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರ ಮೇಲೆ ಪ್ರಯೋಗಿಸಿದ ಮದ್ದು ಇಲ್ಲೂ ಕೆಲಸಕ್ಕೆ ಬಂತು ನೋಡಿ!

ಸೋಲಾಪುರದಲ್ಲಿ ಸೈನ್ಯ ಬಂದು ಕೂತಿತ್ತು. 1976ರಲ್ಲಿ ಕರಿಕೋಟು ಹಾಕಿದವರೇ ಬಾಗಿಲಿನ ಅಗುಳಿ ಹಾಕಿದರು. ಒಳಗಿದ್ದವನಿಗೆ ವ್ಯತ್ಯಾಸ ಎಂತ?

ಸ್ಪೀಕರ್ ಪೀಠದಿಂದ

1977ರ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ. ನಮ್ಮ ಮಂಗಳೂರೂ ಅದರಲ್ಲಿ ಸೇರಿತ್ತು. ಜನತಾ ಪಕ್ಷ ಗೆದ್ದದ್ದು ಎರಡೇ, ಅದರಲ್ಲಿ ಒಂದು ಬೆಂಗಳೂರು ದಕ್ಷಿಣದಿಂದ ಹೆಗ್ಡೆ. ಆ ಜುಲೈಯಲ್ಲಿ ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದಾಗ ಲೋಕಸಭೆಯ ಸ್ಪೀಕರ್ ಪೀಠ ಇವರಿಗೆ ಬಂತು.

ಅವರು ಆ ಪೀಠದಲ್ಲಿದ್ದಾಗಲೇ 1978ರಲ್ಲಿ ಲೋಕಸಭೆ 44ನೇ ತಿದ್ದುಪಡಿಯನ್ನು ಪಾಸು ಮಾಡಿತು. ಅದು ಹಾಕಿದ ಬೀಗಗಳು ಇವು. ಒಳಗಿನ ಗಲಾಟೆ ಎಂಬ ಸಡಿಲ ನೆಪಕ್ಕೆ ಎಮರ್ಜೆನ್ಸಿ ಇಲ್ಲ. ಯುದ್ಧ, ಹೊರಗಿನ ದಾಳಿ, ಇಲ್ಲವೇ ಸಶಸ್ತ್ರ ಬಂಡಾಯ ಬೇಕು. ಮಂತ್ರಿಮಂಡಲದ ನಿರ್ಣಯ ಬರಹದಲ್ಲಿ ಇರಬೇಕು. ಒಂದು ತಿಂಗಳೊಳಗೆ ಪಾರ್ಲಿಮೆಂಟಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಸಿಗಬೇಕು. ಎಲ್ಲಕ್ಕಿಂತ ದೊಡ್ಡದು, ಎಂತಹ ಎಮರ್ಜೆನ್ಸಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗುವ ದಾರಿ ಮುಚ್ಚುವ ಹಾಗಿಲ್ಲ.

ಆದರೆ ಅದೇ ಸದನ 1978ರ ಡಿಸೆಂಬರ್ 19ರಂದು ಮಾಡಿದ್ದನ್ನೂ ಹೇಳಬೇಕು. ಚಿಕ್ಕಮಗಳೂರಿನಿಂದ ಗೆದ್ದು ಒಂದೂವರೆ ತಿಂಗಳೂ ಕಳೆಯದ ಇಂದಿರಾ ಗಾಂಧಿಯವರನ್ನು ಹಕ್ಕುಚ್ಯುತಿಯ ಹೆಸರಲ್ಲಿ ಸದನದಿಂದ ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿದರು. ಆರೋಪ ಸಣ್ಣದೇನಲ್ಲ, ಮಾರುತಿ ಕಾರ್ಖಾನೆಯ ಮಾಹಿತಿ ಸಂಗ್ರಹಿಸಿದ ಅಧಿಕಾರಿಗಳಿಗೆ ಕಿರುಕುಳ. ಆದರೆ ದೂರಿದ್ದು ಸದನ, ವಿಚಾರಿಸಿದ್ದು ಸದನದ ಸಮಿತಿ, ಶಿಕ್ಷೆ ಕೊಟ್ಟದ್ದು ಸದನ. ಕ್ರೈಪಾಕ್ ತೀರ್ಪು ಬರೆದವರೇ ಆಗ ಸ್ಪೀಕರ್. ತೀರ್ಮಾನ ಬಹುಮತದ್ದು, ಒಪ್ಪಿದೆ. ಆದರೂ ಆ ತಕ್ಕಡಿಯಲ್ಲಿ ಇದನ್ನು ತೂಗಿದರೆ ತೂಕ ಕಡಿಮೆ ಬರುತ್ತದೆ. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದು ಮಾಡಿತು. ಅಧಿಕಾರದ ಮದ ಒಂದೇ ಪಕ್ಷದ ಕಾಯಿಲೆಯಲ್ಲ.

1980ರ ನಂತರ ಹೆಗ್ಡೆಯವರು ಕೆಲಕಾಲ ಭಾರತೀಯ ಜನತಾ ಪಕ್ಷದ ಉಪಾಧ್ಯಕ್ಷರಾಗಿದ್ದರು. 1979ರಲ್ಲಿ ನಿಟ್ಟೆಯಲ್ಲಿ ಕಟ್ಟಿದ ವಿದ್ಯಾ ಟ್ರಸ್ಟು ಬೆಳೆಯುತ್ತ ಹೋಯಿತು. 1990ರ ಮೇ 24ರಂದು ಅವರು ತೀರಿಕೊಂಡರು. ದೇರಳಕಟ್ಟೆಯ ಮೆಡಿಕಲ್ ಕಾಲೇಜು ಸುರುವಾದದ್ದು ಅವರು ಹೋದ ಮೇಲೆ, 1999ರಲ್ಲಿ. ಮಗ ಸಂತೋಷ್ ಹೆಗ್ಡೆ ಸುಪ್ರೀಂ ಕೋರ್ಟಿನ ಜಡ್ಜರಾದರು, ಲೋಕಾಯುಕ್ತರೂ ಆದರು.

1976ರ ಆ ತೀರ್ಪು ಏನಾಯಿತು? 41 ವರ್ಷ ಪುಸ್ತಕದಲ್ಲಿ ಹಾಗೇ ಕೂತಿತ್ತು. 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿಯವರು ಹೂಡಿದ ಕೇಸಿನಲ್ಲಿ, ಒಂಬತ್ತು ಜನರ ಪೀಠ ಅದನ್ನು ತಪ್ಪೆಂದು ಕಿತ್ತು ಹಾಕಿತು.

ನಮಗೂ ಇದಕ್ಕೂ ಎಂತ ಸಂಬಂಧ ಎಂದು ಅಂಗಡಿಯಲ್ಲಿ ಕೂತವರು ಕೇಳಬಹುದು. ನಾಳೆ ನಿಮ್ಮ ಮನೆಯ ಹುಡುಗನನ್ನು ರಾತ್ರಿ ಜೀಪಿನಲ್ಲಿ ಹಾಕಿಕೊಂಡು ಹೋದರೆ ಯಾಕೆ ಎಂದು ಕೇಳಲು ಒಂದು ಬಾಗಿಲು ಬೇಕು. ಬಾಗಿಲಿನ ಹಿಂದೆ ಕೂತವನು ಹಿಡಿದವನ ಕಡೆಯವನಾಗಿರಬಾರದು. ದೇಶಕ್ಕೆ ಕಷ್ಟಕಾಲ, ಆ ಬಾಗಿಲನ್ನು ಸ್ವಲ್ಪ ದಿನ ಮುಚ್ಚೋಣ ಎಂದು ಯಾವ ಪಕ್ಷದವರು ಬಂದು ಹೇಳಿದರೂ, ಎಷ್ಟು ದಿನ, ಯಾರ ಸಹಿ, ಕೇಳುವವರು ಯಾರು ಎಂದು ಮೊದಲು ವಿಚಾರಿಸಿ. ಕೌಡೂರಿನ ಹೆಗ್ಡೆ ಕುರ್ಚಿ ಬಿಟ್ಟದ್ದು ಆ ಬಾಗಿಲಿಗಾಗಿ.