ಜೆಫ್ ರಾಸ್ಕಿನ್

ಜೆಫ್ ರಾಸ್ಕಿನ್ (ಮಾರ್ಚ್ 9, 1943 – ಫೆಬ್ರವರಿ 26, 2005) ಅಮೆರಿಕದ ಗಣಕ ತಜ್ಞರು ಹಾಗೂ ಲೇಖಕರು. ಆಪಲ್ ಸಂಸ್ಥೆಯಲ್ಲಿ ಮ್ಯಾಕಿಂಟಾಷ್ ಯೋಜನೆಯನ್ನು ಆರಂಭಿಸಿದವರೆಂದು ಇವರು ಪ್ರಸಿದ್ಧರು. ಬರೆದದ್ದನ್ನು ಅಳಿಸುವ ಮುನ್ನ ಗಣಕವು ಕೇಳುವ ದೃಢೀಕರಣದ ಪ್ರಶ್ನೆಯಿಂದ ಬಳಕೆದಾರರಿಗೆ ನಿಜವಾದ ರಕ್ಷಣೆ ದೊರೆಯುವುದಿಲ್ಲ, ಅಳಿಸಿದ್ದನ್ನು ಮರಳಿ ಪಡೆಯುವ ಸೌಲಭ್ಯವೇ ರಕ್ಷಣೆ ಎಂದು ಪ್ರತಿಪಾದಿಸಿದವರಲ್ಲಿ ಇವರು ಪ್ರಮುಖರು.

ಜನನ ಮತ್ತು ಶಿಕ್ಷಣ

ರಾಸ್ಕಿನ್ ಅವರು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಸ್ಟೋನಿ ಬ್ರೂಕ್‌ನ ವಿಶ್ವವಿದ್ಯಾಲಯದಲ್ಲಿ ಗಣಿತವನ್ನು ಅಭ್ಯಸಿಸಿ, 1967ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಗಣಕವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅನಂತರ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಸಂಗೀತ ಮತ್ತು ಮಾದರಿ ವಿಮಾನಗಳ ತಯಾರಿಕೆಯಲ್ಲಿಯೂ ಅವರಿಗೆ ಆಸಕ್ತಿಯಿತ್ತು.

ಆಪಲ್ ಸಂಸ್ಥೆಯಲ್ಲಿ

ಆಪಲ್ ಗಣಕಗಳಿಗೆ ಬಳಕೆಯ ಕೈಪಿಡಿಗಳನ್ನು ಬರೆದುಕೊಡುತ್ತಿದ್ದ ರಾಸ್ಕಿನ್, 1978ರಲ್ಲಿ ಆ ಸಂಸ್ಥೆಯನ್ನು ಅದರ 31ನೆಯ ನೌಕರರಾಗಿ ಸೇರಿದರು. ಜನಸಾಮಾನ್ಯರು ಸುಲಭವಾಗಿ ಬಳಸಬಲ್ಲ, ಕಡಿಮೆ ಬೆಲೆಯ ಗಣಕವೊಂದನ್ನು ರೂಪಿಸಲು 1979ರಲ್ಲಿ ಯೋಜನೆಯನ್ನು ಆರಂಭಿಸಿ, ತಮಗೆ ಪ್ರಿಯವಾದ ಸೇಬಿನ ತಳಿಯ ಹೆಸರನ್ನು ತುಸು ಬದಲಿಸಿ ಅದಕ್ಕಿಟ್ಟರು. 1981ರಲ್ಲಿ ಸ್ಟೀವ್ ಜಾಬ್ಸ್ ಆ ಯೋಜನೆಯ ಹೊಣೆ ವಹಿಸಿಕೊಂಡರು. ಭಿನ್ನಾಭಿಪ್ರಾಯಗಳ ಪರಿಣಾಮವಾಗಿ ರಾಸ್ಕಿನ್ 1982ರಲ್ಲಿ ಆಪಲ್ ತೊರೆದರು. 1984ರಲ್ಲಿ ಬಿಡುಗಡೆಯಾದ ಮ್ಯಾಕಿಂಟಾಷ್ ಅವರ ಮೂಲ ಕಲ್ಪನೆಗಿಂತ ಬಹಳ ಭಿನ್ನವಾಗಿತ್ತು.

ಕ್ಯಾನನ್ ಕ್ಯಾಟ್

ಆಪಲ್ ತೊರೆದ ಬಳಿಕ ಅವರು ಇನ್ಫರ್ಮೇಶನ್ ಅಪ್ಲಯನ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ರೂಪುಗೊಂಡ ‘ಕ್ಯಾಟ್’ ಎಂಬ ಬರವಣಿಗೆಯ ಗಣಕವನ್ನು ಕ್ಯಾನನ್ ಕಂಪನಿ 1987ರಲ್ಲಿ ಮಾರುಕಟ್ಟೆಗೆ ತಂದಿತು. ಇದಕ್ಕೆ ಮೌಸ್ ಇರಲಿಲ್ಲ. ‘ಲೀಪ್’ ಎಂಬ ಕೀಲಿಯನ್ನು ಒತ್ತಿ ಹಿಡಿದು ಬೇಕಾದ ಪದದ ಅಕ್ಷರಗಳನ್ನು ಒತ್ತಿದರೆ, ಪಠ್ಯದಲ್ಲಿ ಆ ಪದವಿರುವ ಸ್ಥಳಕ್ಕೆ ತಲುಪಬಹುದಾಗಿತ್ತು. ಮಾಡಿದ್ದನ್ನು ರದ್ದುಗೊಳಿಸಲು ಕೀಲಿಮಣೆಯಲ್ಲಿಯೇ ‘ಅನ್‌ಡು’ ಎಂಬ ಪ್ರತ್ಯೇಕ ಕೀಲಿಯನ್ನು ನೀಡಲಾಗಿತ್ತು. ಕ್ಯಾಟ್ ಮಾರುಕಟ್ಟೆಯಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ.

ದೃಢೀಕರಣದ ಕುರಿತ ವಿಚಾರಗಳು

ಅಳಿಸುವ ಅಥವಾ ಉಳಿಸದೆ ನಿರ್ಗಮಿಸುವ ಆಜ್ಞೆ ಬಂದಾಗ ಬಳಕೆದಾರರನ್ನು ಎಚ್ಚರಿಸುವುದು ಪಠ್ಯ ಸಂಪಾದನೆಯ ತಂತ್ರಾಂಶಗಳಲ್ಲಿ ಹಳೆಯ ಪದ್ಧತಿ. ಯೂನಿಕ್ಸ್‌ನ ‘ಎಡ್’ ತಂತ್ರಾಂಶವು ಬದಲಾವಣೆಗಳನ್ನು ಉಳಿಸದೆ ನಿರ್ಗಮಿಸಲು ಯತ್ನಿಸಿದರೆ ಕೇವಲ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ತೋರಿಸುತ್ತದೆ. ಅದೇ ಆಜ್ಞೆಯನ್ನು ಕೂಡಲೇ ಮತ್ತೊಮ್ಮೆ ನೀಡಿದರೆ ಬದಲಾವಣೆಗಳನ್ನು ಬಿಟ್ಟು ನಿರ್ಗಮಿಸುತ್ತದೆ.

2000ದಲ್ಲಿ ಪ್ರಕಟವಾದ ‘ದಿ ಹ್ಯೂಮೇನ್ ಇಂಟರ್‌ಫೇಸ್’ ಕೃತಿಯಲ್ಲಿ ರಾಸ್ಕಿನ್ ಈ ಪದ್ಧತಿಯ ದೋಷವನ್ನು ವಿವರಿಸಿದ್ದಾರೆ. ಒಂದೇ ಪ್ರಶ್ನೆಗೆ ಪ್ರತಿಸಲವೂ ಒಂದೇ ಉತ್ತರ ನೀಡುತ್ತಾ ಹೋದಂತೆ ಆಜ್ಞೆ ಮತ್ತು ಉತ್ತರ ಬೆಸೆದುಕೊಂಡು ಒಂದೇ ಕ್ರಿಯೆಯಾಗುತ್ತವೆ. ಬೆರಳುಗಳು ಯೋಚನೆಗೆ ಮೊದಲೇ ಸಮ್ಮತಿ ನೀಡಿಬಿಡುತ್ತವೆ. ಅಭ್ಯಾಸವಾಗದಿರಲೆಂದು ಪ್ರತಿಬಾರಿ ಹೊಸ ಉತ್ತರವನ್ನು ಕೇಳಿದರೆ, ಬಳಕೆದಾರರ ಗಮನವೆಲ್ಲ ಆ ಉತ್ತರದತ್ತ ಹರಿದು, ಅಳಿಸಬೇಕಾದ ಕಡತದ ವಿಚಾರ ಹಿಂದೆ ಸರಿಯುತ್ತದೆ. ಇದು ಬಳಕೆದಾರರ ಅಜಾಗರೂಕತೆಯಲ್ಲ, ಮನುಷ್ಯ ಮನಸ್ಸಿನ ಸಹಜ ಗುಣ. ಆದುದರಿಂದ ತಿದ್ದಿಕೊಳ್ಳಬೇಕಾದದ್ದು ತಂತ್ರಾಂಶ ಎಂಬುದು ಅವರ ನಿಲುವಾಗಿತ್ತು. ಐಸಾಕ್ ಅಸಿಮೋವ್ ಅವರ ಕಥೆಗಳಲ್ಲಿ ಬರುವ ರೋಬಾಟ್ ನಿಯಮವನ್ನು ಮಾರ್ಪಡಿಸಿ, ಗಣಕವು ಬಳಕೆದಾರರ ಕೆಲಸಕ್ಕೆ ಹಾನಿ ಮಾಡಬಾರದು, ಸುಮ್ಮನಿದ್ದು ಹಾನಿಯಾಗಲು ಬಿಡಲೂಬಾರದು ಎಂಬ ನಿಯಮವನ್ನು ಅವರು ರೂಪಿಸಿದರು.

ನಿಧನ ಮತ್ತು ಪ್ರಭಾವ

ರಾಸ್ಕಿನ್ ಅವರು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ಕ್ಯಾಲಿಫೋರ್ನಿಯಾದ ಪೆಸಿಫಿಕಾದಲ್ಲಿ ನಿಧನರಾದರು. ಅವರ ಪುತ್ರ ಆಜಾ ರಾಸ್ಕಿನ್ 2007ರ ಲೇಖನವೊಂದರಲ್ಲಿ ಎಚ್ಚರಿಕೆಯ ಬದಲು ರದ್ದುಗೊಳಿಸುವ ಅವಕಾಶ ನೀಡಬೇಕೆಂಬ ವಾದವನ್ನು ಮುಂದುವರಿಸಿದರು. ಅಳಿಸಿದ ತಕ್ಷಣ ಅದನ್ನು ಹಿಂಪಡೆಯಲು ಅವಕಾಶ ನೀಡುವ ಕ್ರಮ ಇಂದು ಅನೇಕ ತಂತ್ರಾಂಶಗಳಲ್ಲಿ ಬಳಕೆಯಲ್ಲಿದೆ. ದೃಢೀಕರಣದ ಪ್ರಶ್ನೆಗಳೂ ಪೂರ್ಣವಾಗಿ ಮರೆಯಾಗಿಲ್ಲ.